ದೋಣಿಯಿಂದ ತೊಟ್ಟಿಲಿಗೆ: ಡಾ. ಬೆಂಜಮಿನ್ ಸ್ಪಾಕ್



ಹೊಳೆಬಾಗಿಲು ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಶರಾವತಿಯ ಹಿನ್ನೀರು, ನೀರಿನ ನಡುವೆ ತಲೆ ಎತ್ತಿ ನಿಂತ ಒಣ ಮರದ ಬೊಡ್ಡೆಗಳು, ಬಸ್ಸನ್ನೂ ಜನರನ್ನೂ ಹೊತ್ತು ಸಾಗುತ್ತಿದ್ದ ಲಾಂಚು, ಅಲ್ಲವೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ತುಮರಿ ಕಡೆಯ ಜನರಿಗೆ ನೀರೇ ದಾರಿಯಾಯಿತು. 2025ರ ಜುಲೈನಲ್ಲಿ ಇಲ್ಲಿ ದೊಡ್ಡ ಸೇತುವೆ ತೆರೆಯಿತು. ಅದಕ್ಕೂ ಮೊದಲು ಎಷ್ಟೋ ಮನೆಗಳವರು ಆಸ್ಪತ್ರೆಗೆ ಹೋಗಬೇಕಾದರೂ ಮೊದಲು ಹೊಳೆ ದಾಟಬೇಕಿತ್ತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ದೋಣಿಗೂ ವೈದ್ಯರಿಗೂ ಇರುವ ನಂಟು ಅವರಿಗೆ ಚೆನ್ನಾಗಿ ಗೊತ್ತು.

ಇಂದು ನಾನು ನಿಮಗೆ ಹೇಳಹೊರಟಿರುವುದು ದೋಣಿ ಮತ್ತು ವೈದ್ಯ ಎರಡೂ ಒಬ್ಬರೇ ಮನುಷ್ಯನಲ್ಲಿ ಸೇರಿದ ಕಥೆ. ಅವರು ದೋಣಿ ನಡೆಸಿ ಒಲಿಂಪಿಕ್ ಚಿನ್ನದ ಪದಕ ಗೆದ್ದರು. ಆಮೇಲೆ ಮಕ್ಕಳ ವೈದ್ಯರಾದರು. ಅವರು ಬರೆದ ಒಂದು ಪುಸ್ತಕ ಕೋಟಿಗಟ್ಟಲೆ ಮನೆಗಳನ್ನು ತಲುಪಿತು. ಅದೇ ಪುಸ್ತಕದಲ್ಲಿ ಒಂದು ದೊಡ್ಡ ತಪ್ಪೂ ನುಸುಳಿತು. ಅವರ ಹೆಸರು ಡಾಕ್ಟರ್ ಬೆಂಜಮಿನ್ ಸ್ಪಾಕ್.

ಹುಟ್ಟು ಹೇಗೆ ಕೆಲಸ ಮಾಡುತ್ತದೆ?

ಸ್ಪಾಕ್ ಅವರ ಬಗ್ಗೆ ತಿಳಿಯುವ ಮುನ್ನ ದೋಣಿಯ ವಿಜ್ಞಾನವನ್ನು ಸ್ವಲ್ಪ ನೋಡೋಣ. ದೋಣಿ ನಡೆಸುವ ಮರದ ಸಾಧನವನ್ನು ಹುಟ್ಟು ಎನ್ನುತ್ತೇವೆ. ಹುಟ್ಟು ನೀರನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಅಷ್ಟೇ ಬಲದಿಂದ ಹುಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ದೋಣಿ ಮುಂದೆ ಸಾಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ.

ಹುಟ್ಟು ಒಂದು ಸನ್ನೆಯೂ ಹೌದು. ದೋಣಿಯ ಅಂಚಿಗೆ ಹುಟ್ಟನ್ನು ಸಿಕ್ಕಿಸಿದ ಜಾಗವೇ ಆಧಾರ ಬಿಂದು, ಆದ್ದರಿಂದ ಇದು ಒಂದನೆಯ ವರ್ಗದ ಸನ್ನೆ ಎಂದು ನಾನು ಹಲವು ವರ್ಷ ಪಾಠ ಮಾಡಿದ್ದೆ. ಒಮ್ಮೆ ಹೊಳೆಯ ಆಚೆಯ ಶಾಲೆಯೊಂದಕ್ಕೆ ಹೋಗಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ದೋಣಿ ಇತ್ತು. ಹುಟ್ಟಿನ ತುದಿ ನೀರಿನಲ್ಲಿ ಹೆಚ್ಚು ಸರಿಯುವುದೇ ಇಲ್ಲ, ಸರಿಯುವುದು ದೋಣಿ ಎಂದು ಅವಳು ಹೇಳಿದಳು. ನಾನು ದಡಕ್ಕೆ ಹೋಗಿ ಗಮನವಿಟ್ಟು ನೋಡಿದೆ. ಅವಳ ಮಾತು ಸರಿಯಾಗಿತ್ತು. ದಡದಲ್ಲಿ ನಿಂತು ನೋಡಿದರೆ ನೀರಿನಲ್ಲಿರುವ ಹುಟ್ಟಿನ ಅಲಗೇ ಬಹುಮಟ್ಟಿಗೆ ಆಧಾರ ಬಿಂದು. ದೋಣಿ ನಡುವಿನ ಭಾರ. ಕೈ ಹಾಕುವ ಬಲ ಮತ್ತೊಂದು ತುದಿಯಲ್ಲಿ. ಅಂದರೆ ಇದು ಎರಡನೆಯ ವರ್ಗದ ಸನ್ನೆ. ಅಂದಿನಿಂದ ನಾನು ಪಾಠವನ್ನು ತಿದ್ದಿಕೊಂಡೆ. ಈ ಸಣ್ಣ ಘಟನೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ಆರು ಮಕ್ಕಳಲ್ಲಿ ಹಿರಿಯ

ಬೆಂಜಮಿನ್ ಸ್ಪಾಕ್ 1903ರ ಮೇ 2ರಂದು ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ವಕೀಲರು. ಆರು ಮಕ್ಕಳಲ್ಲಿ ಬೆಂಜಮಿನ್ ಹಿರಿಯ. ಮನೆಯಲ್ಲಿ ಹಿರಿಯ ಮಗುವಾಗಿದ್ದರೆ ಏನೆಲ್ಲ ಕೆಲಸ ಬೀಳುತ್ತದೆ ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ತಮ್ಮ ತಂಗಿಯರಿಗೆ ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಅಳುವಾಗ ಸಮಾಧಾನ ಮಾಡುವುದು ಅವರ ಪಾಲಿಗೆ ಬಂತು.

ತಾಯಿ ಮಕ್ಕಳನ್ನು ಪ್ರೀತಿಸುತ್ತಿದ್ದರು, ಆದರೆ ಬಹಳ ಕಟ್ಟುನಿಟ್ಟು. ಶುದ್ಧ ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಮಕ್ಕಳನ್ನು ಚಳಿಗಾಲದಲ್ಲೂ ತೆರೆದ ಜಗಲಿಯಲ್ಲಿ ಮಲಗಿಸುತ್ತಿದ್ದರು. ಹನ್ನೆರಡು ವರ್ಷ ತುಂಬುವವರೆಗೆ ಬಾಳೆಹಣ್ಣು ತಿನ್ನುವಂತಿರಲಿಲ್ಲ! ಹಿತ್ತಲಿನಲ್ಲೇ ಬಾಳೆಗೊನೆ ಇರುವ ನಮಗೆ ಇದು ವಿಚಿತ್ರ ಎನಿಸಬಹುದು. ಮಕ್ಕಳನ್ನು ಬೆಳೆಸಲು ಇಷ್ಟೊಂದು ಬಿಗಿ ಬೇಕೇ ಎಂಬ ಪ್ರಶ್ನೆ ಆ ಹುಡುಗನ ಮನಸ್ಸಿನಲ್ಲಿ ಉಳಿಯಿತು.

ಎಂಟು ಜನ, ಒಂದೇ ಲಯ

ಬೆಂಜಮಿನ್ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿ ಇಂಗ್ಲಿಷ್ ಸಾಹಿತ್ಯ ಓದತೊಡಗಿದರು. ಅವರ ಎತ್ತರ ಸುಮಾರು 193 ಸೆಂಟಿಮೀಟರ್. ನಮ್ಮ ಶಾಲೆಯ ಬಾಗಿಲಿನಲ್ಲಿ ತಲೆ ಬಗ್ಗಿಸಿ ಬರಬೇಕಾಗುವಷ್ಟು! ಆದರೂ ಅವರು ಸಂಕೋಚದ ಹುಡುಗ. ಎತ್ತರ ಜಿಗಿತವನ್ನು ಪ್ರಯತ್ನಿಸಿದರು. ಅದರಲ್ಲಿ ಹೇಳಿಕೊಳ್ಳುವಂತಹ ಯಶಸ್ಸು ಸಿಗಲಿಲ್ಲ. ಅವರ ಎತ್ತರವನ್ನು ಗಮನಿಸಿದ ದೋಣಿ ತಂಡದ ನಾಯಕ ಅವರನ್ನು ದೋಣಿಯ ಕಡೆಗೆ ಕರೆದ. ಉದ್ದ ಕೈಕಾಲು ಇದ್ದವರು ಹುಟ್ಟನ್ನು ಹೆಚ್ಚು ದೂರ ಎಳೆಯಬಲ್ಲರು. ಪ್ರತಿ ಎಳೆತಕ್ಕೂ ದೋಣಿ ಹೆಚ್ಚು ಮುಂದೆ ಹೋಗುತ್ತದೆ.

ಎಂಟು ಜನರ ಸ್ಪರ್ಧಾ ದೋಣಿ ನಮ್ಮ ಹೊಳೆಯ ದೋಣಿಯಂತಲ್ಲ. ಸುಮಾರು 18 ಮೀಟರ್ ಉದ್ದ, ಅಗಲ ಮಾತ್ರ ಒಬ್ಬರು ಕೂರುವಷ್ಟು. ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟು. ಕೂರುವ ಪೀಠ ಹಿಂದೆ ಮುಂದೆ ಜಾರುವುದರಿಂದ ಕಾಲಿನ ಬಲವೂ ಹುಟ್ಟಿಗೆ ಸೇರುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಹುಟ್ಟು ಹಾಕುವ ಎಂಟೂ ಜನ ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಬಂದ ದಾರಿ ಅವರಿಗೆ ಕಾಣುತ್ತದೆ, ಹೋಗುವ ದಾರಿ ಕಾಣುವುದಿಲ್ಲ. ಮುಂದಿನ ದಾರಿ ನೋಡುವವನು ಒಂಬತ್ತನೆಯವನಾದ ಚುಕ್ಕಾಣಿಗ. ಅವನು ಹೇಳಿದಂತೆ ಉಳಿದವರು ಕೇಳಬೇಕು. ಕೇಳದಿದ್ದರೆ ಎಷ್ಟು ಬಲವಿದ್ದರೂ ದೋಣಿ ದಡಕ್ಕೆ ಬಡಿಯುತ್ತದೆ.

1924ರ ಬೇಸಿಗೆಯಲ್ಲಿ ಯೇಲ್ ತಂಡ ಅಮೆರಿಕವನ್ನು ಪ್ರತಿನಿಧಿಸಲು ಆಯ್ಕೆಯಾಯಿತು. ಹಡಗಿನಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಪ್ಯಾರಿಸ್ ಒಲಿಂಪಿಕ್ಸಿಗೆ ಹೋಯಿತು. ಸ್ಪರ್ಧೆ ನಡೆದದ್ದು ಸೀನ್ ನದಿಯಲ್ಲಿ. ದೂರ 2000 ಮೀಟರ್. ಸ್ಪಾಕ್ ಏಳನೆಯ ಪೀಠದಲ್ಲಿ ಕುಳಿತಿದ್ದರು. ಅವರ ತಂಡ 6 ನಿಮಿಷ 33.4 ಸೆಕೆಂಡಿನಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಗೆದ್ದಿತು. ಎರಡನೆಯದಾಗಿ ಬಂದ ಕೆನಡಾ ತಂಡಕ್ಕೆ 6 ನಿಮಿಷ 49 ಸೆಕೆಂಡು ಬೇಕಾಯಿತು.

ಸ್ವಲ್ಪ ಲೆಕ್ಕ ಮಾಡೋಣವೇ? 6 ನಿಮಿಷ 33.4 ಸೆಕೆಂಡು ಎಂದರೆ 393.4 ಸೆಕೆಂಡು. 2000ವನ್ನು 393.4ರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 5 ಮೀಟರ್ ವೇಗ. ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್. ಸೈಕಲ್ಲನ್ನು ಜೋರಾಗಿ ತುಳಿದಷ್ಟು! ಎಂಜಿನ್ ಇಲ್ಲ, ಹಾಯಿ ಇಲ್ಲ, ಎಂಟು ಜನರ ಸ್ನಾಯುಬಲ ಮಾತ್ರ.

ವೈದ್ಯನಾಗುವ ನಿರ್ಧಾರ

ಸಾಹಿತ್ಯ ಓದುತ್ತಿದ್ದ ಈ ಆಟಗಾರ ವೈದ್ಯನಾಗಲು ಮನಸ್ಸು ಮಾಡಿದ್ದು ಹೇಗೆ? ಕಾಲೇಜಿನ ದಿನಗಳಲ್ಲಿ ಒಂದು ಬೇಸಿಗೆ ರಜೆಯಲ್ಲಿ ಅವರು ಅಂಗವಿಕಲ ಮಕ್ಕಳ ಶಿಬಿರವೊಂದರಲ್ಲಿ ಕೆಲಸ ಮಾಡಿದರು. ಆಗ ಪೋಲಿಯೋ ರೋಗಕ್ಕೆ ಲಸಿಕೆ ಇರಲಿಲ್ಲ. ಅದು ಬಂದದ್ದು 1955ರಲ್ಲಿ. ಎಷ್ಟೋ ಮಕ್ಕಳು ರೋಗದಿಂದ ಕಾಲಿನ ಬಲ ಕಳೆದುಕೊಳ್ಳುತ್ತಿದ್ದರು. ವೈದ್ಯರು ಆ ಮಕ್ಕಳಿಗೆ ತಾಳ್ಮೆಯಿಂದ ಚಿಕಿತ್ಸೆ ನೀಡಿ ನಡೆಯಲು ನೆರವಾಗುವುದನ್ನು ಸ್ಪಾಕ್ ಕಣ್ಣಾರೆ ಕಂಡರು. ತಾನೂ ಇಂತಹ ಕೆಲಸ ಮಾಡಬೇಕೆಂದು ನಿರ್ಧರಿಸಿದರು.

ಮೊದಲು ಯೇಲ್‌ನಲ್ಲಿ, ನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿಜ್ಞಾನ ಓದಿದರು. 1929ರಲ್ಲಿ ತಮ್ಮ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಶಿಶುವೈದ್ಯರಾಗಿ ತರಬೇತಿ ಪಡೆದು 1933ರಲ್ಲಿ ನ್ಯೂಯಾರ್ಕಿನಲ್ಲಿ ವೃತ್ತಿ ಆರಂಭಿಸಿದರು. ಮಕ್ಕಳ ದೇಹ ತಿಳಿದರೆ ಸಾಲದು, ಮನಸ್ಸನ್ನೂ ತಿಳಿಯಬೇಕು ಎಂಬುದು ಅವರ ನಂಬಿಕೆ. ಆದ್ದರಿಂದ ಮನೋವಿಶ್ಲೇಷಣೆಯನ್ನೂ ಕಲಿತರು. ಆ ಕಾಲಕ್ಕೆ ಶಿಶುವೈದ್ಯರೊಬ್ಬರು ಹೀಗೆ ಮಾಡುವುದು ಹೊಸ ಸಂಗತಿ.

ಕೋಟಿಗಟ್ಟಲೆ ಮನೆಗಳ ಪುಸ್ತಕ

ಆಗ ಮಕ್ಕಳನ್ನು ಬೆಳೆಸುವ ಬಗ್ಗೆ ತಜ್ಞರು ನೀಡುತ್ತಿದ್ದ ಸಲಹೆ ಹೇಗಿತ್ತು ಗೊತ್ತೇ? ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು ಕೊಡಬೇಕು. ನಡುವೆ ಎಷ್ಟು ಅತ್ತರೂ ಎತ್ತಿಕೊಳ್ಳಬಾರದು. ಮನೋವಿಜ್ಞಾನಿ ಜಾನ್ ವಾಟ್ಸನ್ 1928ರ ತಮ್ಮ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಾಡುವುದು ಸಲ್ಲದು ಎಂದೇ ಬರೆದಿದ್ದರು. ಪಾಪ, ತಾಯಂದಿರು ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದರು.

ಸ್ಪಾಕ್ ತಮ್ಮ ಬಳಿ ಬರುವ ತಾಯಂದಿರ ಮಾತನ್ನು ಗಮನವಿಟ್ಟು ಕೇಳುತ್ತಿದ್ದರು. ಮಕ್ಕಳೆಲ್ಲ ಒಂದೇ ಅಚ್ಚಿನವರಲ್ಲ, ಹಸಿವಾದಾಗ ಹಾಲು ಕೊಡಿ, ಅತ್ತಾಗ ಎತ್ತಿಕೊಳ್ಳಿ, ಪ್ರೀತಿ ತೋರಿಸಿ, ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ ಎಂಬುದು ಅವರ ಸಲಹೆಯ ಸಾರ. ಈ ವಿಚಾರಗಳನ್ನು ಸರಳ ಭಾಷೆಯಲ್ಲಿ ಪುಸ್ತಕವಾಗಿ ಬರೆಯಲು ಕುಳಿತರು. ಅವರು ಹೇಳುತ್ತಾ ಹೋದಂತೆ ಪತ್ನಿ ಜೇನ್ ಬೆರಳಚ್ಚು ಮಾಡುತ್ತಿದ್ದರು. ವಿವರಗಳನ್ನು ಹುಡುಕಿ ಸರಿನೋಡುವುದರಲ್ಲೂ ಅವರ ಪಾಲು ದೊಡ್ಡದು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಸ್ಪಾಕ್ ನೌಕಾಪಡೆಯಲ್ಲಿ ವೈದ್ಯರಾಗಿದ್ದಾಗಲೂ ಈ ಕೆಲಸ ನಿಲ್ಲಲಿಲ್ಲ.

1946ರಲ್ಲಿ ಶಿಶುಪಾಲನೆಯ ಆ ಪುಸ್ತಕ ಹೊರಬಂತು. ಅಗ್ಗದ ಆವೃತ್ತಿಯ ಬೆಲೆ ಕೇವಲ ಕಾಲು ಡಾಲರ್. ಬಡವರೂ ಕೊಳ್ಳಬಹುದಾಗಿತ್ತು. ಮೊದಲ ವರ್ಷದಲ್ಲೇ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಮುಂದೆ ಹತ್ತಾರು ಭಾಷೆಗಳಿಗೆ ಅನುವಾದಗೊಂಡು, ಒಟ್ಟು 5 ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ಮಗು ಅತ್ತರೆ ಪುಸ್ತಕ ತೆರೆಯುವುದು ಅಮೆರಿಕದ ಮನೆಗಳಲ್ಲಿ ರೂಢಿಯಾಯಿತು. ಸ್ಪಾಕ್ ಮಕ್ಕಳನ್ನು ಹಾಳುಮಾಡಿದರು ಎಂದು ಬೈದವರೂ ಇದ್ದರು. ಆದರೆ ಎಲ್ಲವನ್ನೂ ಮಗುವಿನ ಇಷ್ಟಕ್ಕೆ ಬಿಡಿ ಎಂದು ಅವರು ಹೇಳಿರಲಿಲ್ಲ. ಪ್ರೀತಿಯ ಜೊತೆ ಶಿಸ್ತೂ ಇರಲಿ ಎಂದೇ ಹೇಳಿದ್ದರು.

ದೊಡ್ಡವರ ತಪ್ಪು

ಮಕ್ಕಳೇ, ಈಗ ಈ ಕಥೆಯ ಮುಖ್ಯ ಭಾಗಕ್ಕೆ ಬಂದೆವು. ಮಹನೀಯರ ಜೀವನ ಚರಿತ್ರೆಯಲ್ಲಿ ತಪ್ಪುಗಳನ್ನು ಹೇಳದೆ ಬಿಡುವುದು ವಾಡಿಕೆ. ಆದರೆ ನಮ್ಮದು ವಿಜ್ಞಾನದ ಪುಟ. ಇಲ್ಲಿ ಬಿಡುವಂತಿಲ್ಲ.

ಮಗುವನ್ನು ಹೇಗೆ ಮಲಗಿಸಬೇಕು? ಅಂಗಾತವೇ, ಬೋರಲೇ? 1950ರ ದಶಕದ ನಡುಭಾಗದಿಂದ ಸ್ಪಾಕ್ ತಮ್ಮ ಪುಸ್ತಕದಲ್ಲಿ ಬೋರಲು ಮಲಗಿಸುವುದು ಮೇಲು ಎಂದು ಬರೆದರು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಅದು ಉಸಿರುನಾಳಕ್ಕೆ ಹೋಗಿ ಉಸಿರು ಕಟ್ಟಬಹುದು ಎಂಬುದು ಅವರ ತರ್ಕ. ಕೇಳಲು ಸರಿ ಎನಿಸುತ್ತದೆ, ಅಲ್ಲವೇ? ಬೇರೆ ವೈದ್ಯರು ಕೂಡ ಇದನ್ನೇ ಹೇಳುತ್ತಿದ್ದರು. ಲಕ್ಷಾಂತರ ತಾಯಂದಿರು ಹಾಗೆಯೇ ಮಾಡಿದರು.

ಆದರೆ ಅದು ತರ್ಕ ಮಾತ್ರ. ಯಾರೂ ಎಣಿಸಿ, ಹೋಲಿಸಿ ನೋಡಿರಲಿಲ್ಲ. ಆರೋಗ್ಯವಾಗಿದ್ದ ಕೆಲವು ಶಿಶುಗಳು ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುತ್ತಿದ್ದವು. ಇದನ್ನು ಹಠಾತ್ ಶಿಶು ಮರಣ ಎನ್ನುತ್ತಾರೆ. ಹೀಗೆ ಸತ್ತ ಶಿಶುಗಳು ಹೇಗೆ ಮಲಗಿದ್ದವು, ಅದೇ ವಯಸ್ಸಿನ ಬದುಕಿರುವ ಶಿಶುಗಳು ಹೇಗೆ ಮಲಗುತ್ತವೆ ಎಂದು ಸಂಶೋಧಕರು ಹೋಲಿಸಿದರು. ಸತ್ತವರಲ್ಲಿ ಬೋರಲು ಮಲಗಿದ್ದವರೇ ಬಹಳ ಹೆಚ್ಚು! ನ್ಯೂಜಿಲೆಂಡಿನಲ್ಲಿ 1987ರಿಂದ 1990ರವರೆಗೆ ನಡೆದ ದೊಡ್ಡ ಅಧ್ಯಯನವೂ ಇದನ್ನೇ ತೋರಿಸಿತು.

ಇದಕ್ಕೆ ಕಾರಣವೇನು? ಬೋರಲು ಮಲಗಿದ ಶಿಶುವಿನ ಮೂಗು ಹಾಸಿಗೆಗೆ ಒತ್ತಿಕೊಂಡಾಗ, ತಾನು ಬಿಟ್ಟ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಆ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ದೇಹದ ಶಾಖವೂ ಸುಲಭವಾಗಿ ಹೊರಹೋಗುವುದಿಲ್ಲ. ಎಳೆ ಮಗುವಿಗೆ ತಲೆ ಹೊರಳಿಸುವ ಬಲ ಕಡಿಮೆ.

ಇನ್ನು ವಾಂತಿಯ ಮಾತು. ನಿಮ್ಮ ಪಾಠದಲ್ಲಿರುವ ಚಿತ್ರವನ್ನು ನೆನಪಿಸಿಕೊಳ್ಳಿ. ಕತ್ತಿನಲ್ಲಿ ಉಸಿರುನಾಳ ಮುಂದೆ ಇದೆ, ಅನ್ನನಾಳ ಹಿಂದೆ ಇದೆ. ಅಂಗಾತ ಮಲಗಿದಾಗ ಉಸಿರುನಾಳ ಮೇಲೆ, ಅನ್ನನಾಳ ಕೆಳಗೆ ಬರುತ್ತದೆ. ಕೆಳಗಿನಿಂದ ಬಂದ ಹಾಲು ಉಸಿರುನಾಳಕ್ಕೆ ಹೋಗಬೇಕಾದರೆ ಗುರುತ್ವಕ್ಕೆ ವಿರುದ್ಧವಾಗಿ ಮೇಲೆ ಹತ್ತಬೇಕು! ಬೋರಲು ಮಲಗಿದರೆ ಉಸಿರುನಾಳವೇ ಕೆಳಗೆ. ಸರಿ ಎಂದು ತೋರಿದ ತರ್ಕ ಹೇಗೆ ತಲೆಕೆಳಗಾಯಿತು ನೋಡಿ.

1991ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಶಿಶುಗಳನ್ನು ಅಂಗಾತ ಮಲಗಿಸಿ ಎಂಬ ಆಂದೋಲನ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಹಠಾತ್ ಶಿಶು ಮರಣಗಳು ಸುಮಾರು ಅರ್ಧಕ್ಕೆ ಇಳಿದವು. ಸ್ಪಾಕ್ ಅವರ ಪುಸ್ತಕದ ನಂತರದ ಆವೃತ್ತಿಗಳಲ್ಲೂ ಸಲಹೆ ಬದಲಾಯಿತು. ಆದರೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳೆಯ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಬೋರಲು ಮಲಗಿಸುವುದು ಅಪಾಯ ಎಂಬ ಪುರಾವೆ 1970ರ ಹೊತ್ತಿಗೇ ಸಿಗುವಂತಿತ್ತು. ಆಗಲೇ ಅದನ್ನು ಗಮನಿಸಿದ್ದರೆ ಯೂರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳು ಬದುಕುತ್ತಿದ್ದವು ಎಂದು ಆ ಅಧ್ಯಯನ ಅಂದಾಜು ಮಾಡಿತು.

ಐವತ್ತು ಸಾವಿರ! ಸ್ಪಾಕ್ ಕೆಟ್ಟವರೇ? ಅಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಆ ಸಲಹೆ ನೀಡಿದ್ದರು. ಆದರೆ ಪ್ರೀತಿ ಇದ್ದರೆ ಸಾಲದು, ಬುದ್ಧಿ ಇದ್ದರೂ ಸಾಲದು. ಹೇಳುವವರು ಎಷ್ಟು ದೊಡ್ಡವರು ಎಂಬುದಕ್ಕಿಂತ ಪುರಾವೆ ಏನು ಹೇಳುತ್ತದೆ ಎಂಬುದು ಮುಖ್ಯ. ಸ್ಪರ್ಧೆಯ ದೋಣಿಯಲ್ಲಿ ಹುಟ್ಟು ಹಾಕುವವರಿಗೆ ಮುಂದಿನ ದಾರಿ ಕಾಣದು ಎಂದು ಓದಿದಿರಲ್ಲ? ಅಲ್ಲಿ ಚುಕ್ಕಾಣಿಗ ಇರುವಂತೆ ವೈದ್ಯವಿಜ್ಞಾನದಲ್ಲಿ ಪುರಾವೆ ಇರಬೇಕು.

ಕೊನೆಯವರೆಗೂ ದೋಣಿ

ಸ್ಪಾಕ್ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಮಾಡಿ 1967ರಲ್ಲಿ ನಿವೃತ್ತರಾದರು. ಅಣುಬಾಂಬ್ ಪರೀಕ್ಷೆಗಳನ್ನೂ ವಿಯೆಟ್ನಾಂ ಯುದ್ಧವನ್ನೂ ಬಹಿರಂಗವಾಗಿ ವಿರೋಧಿಸಿದರು. ಮಕ್ಕಳನ್ನು ಆರೋಗ್ಯವಾಗಿ ಬೆಳೆಸಿ ಯುದ್ಧದಲ್ಲಿ ಸಾಯಲು ಕಳುಹಿಸುವುದು ಸರಿಯಲ್ಲ ಎಂಬುದು ಅವರ ನಿಲುವು. ಇದಕ್ಕಾಗಿ 1968ರಲ್ಲಿ ನ್ಯಾಯಾಲಯ ಅವರಿಗೆ ಎರಡು ವರ್ಷ ಜೈಲು ಶಿಕ್ಷೆ ವಿಧಿಸಿತು. 1969ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು.

ನೀರಿನ ನಂಟು ಮಾತ್ರ ಬಿಡಲಿಲ್ಲ. 84ನೆಯ ವಯಸ್ಸಿನಲ್ಲಿ ಸುಮಾರು 6 ಕಿಲೋಮೀಟರ್ ಸಮುದ್ರವನ್ನು ಎರಡೂವರೆ ಗಂಟೆಯಲ್ಲಿ ಹುಟ್ಟು ಹಾಕಿ ದಾಟಿ ಸ್ಪರ್ಧೆಯೊಂದರಲ್ಲಿ ಮೂರನೆಯವರಾದರು! 1998ರ ಮಾರ್ಚ್ 15ರಂದು, 94ನೆಯ ವಯಸ್ಸಿನಲ್ಲಿ ನಿಧನರಾದರು.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಎಳೆ ಮಗು ಇದೆಯೇ? ಮಲಗಿಸುವಾಗ ಅಂಗಾತವೇ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ಮುಖದ ಬಳಿ ದಿಂಬು, ಕಂಬಳಿಯ ಮುದ್ದೆ ಇರಬಾರದು. ಮಳೆಗಾಲದ ಚಳಿಗೆ ಬೆಚ್ಚಗೆ ಹೊದಿಸಬೇಕು ನಿಜ, ಮುಖ ಮುಚ್ಚುವಂತೆ ಅಲ್ಲ. ಮಗು ಎಚ್ಚರವಿದ್ದು ದೊಡ್ಡವರು ಪಕ್ಕದಲ್ಲಿದ್ದಾಗ ಬೋರಲು ಹಾಕಿ ಆಡಿಸಬಹುದು, ಅದರಿಂದ ಕತ್ತು ಗಟ್ಟಿಯಾಗುತ್ತದೆ. ಸಂಶಯವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನೊಂದು ಮಾತು. ತರಗತಿಯಲ್ಲಿ ನಾನಾಗಲಿ, ನಿಮ್ಮ ಮೇಷ್ಟ್ರಾಗಲಿ ಹೇಳಿದ್ದು ನಿಮ್ಮ ಕಣ್ಣಿಗೆ ಕಂಡದ್ದಕ್ಕೆ ಹೊಂದದಿದ್ದರೆ ಆ ಹುಡುಗಿಯಂತೆ ಎದ್ದು ನಿಂತು ಹೇಳಿ. ಅದು ಅವಿಧೇಯತೆಯಲ್ಲ, ವಿಜ್ಞಾನ.

ಮಾಡಿ ನೋಡಿ

1. ದೊಡ್ಡವರ ಜೊತೆ ಹೊಳೆ ದಂಡೆಗೆ ಹೋದಾಗ ದೋಣಿ ಸಾಗುವುದನ್ನು ನೋಡಿ. ಹುಟ್ಟಿನ ಅಲಗು ಎಷ್ಟು ಸರಿಯಿತು, ದೋಣಿ ಎಷ್ಟು ಸರಿಯಿತು, ಗಮನಿಸಿ ಬರೆಯಿರಿ.

2. ಶಾಲೆಯ ಮೈದಾನದಲ್ಲಿ 50 ಮೀಟರ್ ಅಳೆದು ಓಡಿ. ನಿಮ್ಮ ವೇಗ ಸೆಕೆಂಡಿಗೆ ಎಷ್ಟು ಮೀಟರ್? ಯೇಲ್ ದೋಣಿಯ ವೇಗದೊಂದಿಗೆ ಹೋಲಿಸಿ.

3. ನಿಮ್ಮ ಮನೆಯಲ್ಲಿ ಎಲ್ಲರೂ ನಂಬುವ ಆರೋಗ್ಯದ ಒಂದು ಸಲಹೆಯನ್ನು ಬರೆದುಕೊಳ್ಳಿ. ಅದು ಸರಿಯೋ ತಪ್ಪೋ ತಿಳಿಯಲು ಏನನ್ನು ಎಣಿಸಬೇಕು, ಯಾರನ್ನು ಯಾರೊಂದಿಗೆ ಹೋಲಿಸಬೇಕು ಎಂದು ಗುಂಪಿನಲ್ಲಿ ಚರ್ಚಿಸಿ.